ಬೀರು, ಮಂಡಿ ಮತ್ತು ಸಿಆರ್‌ಪಿ

ವಾಚ್ ರಿಪೇರಿಯವನಿಗೆ ಮಂಡಿನೋವು ಶುರುವಾಗಿದ್ದು ಭಾನುವಾರ ಬೆಳಿಗ್ಗೆ, ಭಾವಮೈದನ ಫೋನ್ ಬಂದ ಮರುಕ್ಷಣವೇ.

"ಭಾವ, ಮನೆ ಬದಲಾಯಿಸ್ತಿದೀವಿ. ಲಿಫ್ಟ್ ಕೆಟ್ಟಿದೆ, ಬೀರುನ ಮೂರನೇ ಮಹಡಿಗೆ ಹೊತ್ಕೊಂಡು ಹೋಗ್ಬೇಕು. ವ್ಯಾನ್ ತರ್ತೀನಿ, ರೆಡಿಯಾಗಿರಿ. ಸಂಜೆ ಎಲ್ಲರಿಗೂ ಹುರಿದ ಕೋಳಿ!"

ಕೋಳಿ ಬೇಕು, ಬೀರು ಬೇಡ. ನಮ್ಮವನ ಆಸೆ ಇಷ್ಟೇ. ಒಂದು ತಿಂಗಳಿಂದ ಎಡಗಡೆಯಲ್ಲೇ ಅಗಿಯುತ್ತಿದ್ದರೂ ಕೋಳಿ ಎಂದೊಡನೆ ಬಾಯಲ್ಲಿ ನೀರೂರಿತು. ಮಂಡಿ ಹಿಡಿದುಕೊಂಡು "ಅಯ್ಯಯ್ಯೋ" ಎಂದು ಕುರ್ಚಿಗೆ ಒರಗಿದ.

ಹೆಂಡತಿ ಪೂರ್ತಿ ನಂಬಿಬಿಟ್ಟಳು. ಓಡಿಹೋಗಿ ಎದುರುಮನೆಯ ನಿವೃತ್ತ ಕಾಂಪೌಂಡರನ್ನು ಕರೆತಂದಳು. ಬೀದಿಯ ಕಾಯಿಲೆಗಳೆಲ್ಲ ತಮ್ಮ ಸ್ವಂತ ಆಸ್ತಿ ಎಂಬಂತೆ ನೋಡಿಕೊಳ್ಳುವವರು ಅವರು. ಮಂಡಿಯನ್ನು ಒತ್ತಿದರು, ತಟ್ಟಿದರು.

"ಊತ ಇಲ್ಲ, ಬಿಸಿ ಇಲ್ಲ. ಸಿಆರ್‌ಪಿ ಅಂತ ರಕ್ತ ಪರೀಕ್ಷೆ ಇದೆ. ಒಳಗೆ ಉರಿಯೂತ ಇದ್ರೆ ಏರುತ್ತೆ. ಇಲ್ದಿದ್ರೆ ಇದೆಲ್ಲ ಬರೀ ನಾಟಕ!"

ನಮ್ಮವನು ಮಂಡಿಯಿಂದ ಥಟ್ಟನೆ ಕೈ ತೆಗೆದ. "ಈಗ ಕಮ್ಮಿಯಾಗಿದೆ ಸಾರ್..."

"ಸುಮ್ನಿರ್ರೀ, ಸೂಜಿ ಅಂದ್ರೆ ಚಿಕ್ಕ ಮಗು ಥರ ಆಡ್ತೀರ," ಎಂದು ಹೆಂಡತಿ ಗದರಿದಳು. ಅಷ್ಟರಲ್ಲಿ ಭಾವಮೈದನೂ ಬಂದ. ವ್ಯಾನಿನ ಹಿಂಭಾಗದಲ್ಲಿ ಅದೇ ಬೀರುವಿಗೆ ಆತುಕೊಂಡು ನಮ್ಮವನು ಹೆಂಡತಿ, ಭಾವಮೈದರ ಜೊತೆ ಕ್ಲಿನಿಕ್ಕಿಗೆ ಹೋದ. ಮಾನ ಹೋಗುವುದು ಗ್ಯಾರಂಟಿ ಎಂದುಕೊಂಡೇ ರಕ್ತ ಕೊಟ್ಟ.

ಮಧ್ಯಾಹ್ನ ರಿಪೋರ್ಟ್ ನೋಡಿದ ಡಾಕ್ಟರು ಹುಬ್ಬೇರಿಸಿದರು. "ಸಿಆರ್‌ಪಿ ಸಿಕ್ಕಾಪಟ್ಟೆ ಏರಿದೆಯಲ್ರೀ!"

"ಹೌದಾ!" ನಮ್ಮವನು ಖುಷಿಯಿಂದ ಎರಡು ಕಾಲಲ್ಲೂ ಜಿಗಿದು ನಿಂತ.

ಡಾಕ್ಟರು ಆ ಕಾಲುಗಳನ್ನೇ ನೋಡಿದರು. "ಮಂಡಿ ಗಟ್ಟಿಯಾಗಿದೆ. ಉರಿಯೂತ ಇದೆ ಅಂತಷ್ಟೇ ಈ ಪರೀಕ್ಷೆ ಹೇಳುತ್ತೆ, ಎಲ್ಲಿದೆ ಅಂತ ಹೇಳಲ್ಲ. ನಾವೇ ಹುಡುಕ್ಬೇಕು. ಎಲ್ಲಿ, ಬಾಯಿ ತೆಗೀರಿ."

ಬಲಗಡೆಯ ದವಡೆ ಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ಪಕ್ಕದ ಕೋಣೆಯ ಹಲ್ಲಿನ ಡಾಕ್ಟರು ಆ ಹಲ್ಲನ್ನು ಕಿತ್ತು, "ಇವತ್ತು ಭಾರ ಎತ್ಬೇಡಿ, ಏನೂ ಅಗೀಬೇಡಿ" ಎಂದರು. ಮೊದಲನೆಯದನ್ನು ಕೇಳಿದ ಸಂತೋಷದಲ್ಲಿ ಎರಡನೆಯದು ನಮ್ಮವನ ಕಿವಿಗೇ ಬೀಳಲಿಲ್ಲ.

ಹೆಂಡತಿಯ ಕಿವಿಗೆ ಬಿದ್ದಿತ್ತು. ಸಂಜೆ ಎಲ್ಲರ ತಟ್ಟೆಗೂ ಕೋಳಿ ಬಂತು, ಅವನ ಮುಂದೆ ಒಂದು ಲೋಟ ತಣ್ಣನೆಯ ಹಾಲು. ತಿಂಗಳ ನೋವು ಹೋಗಿ ಬಾಯಿ ಹಗುರವಾಗಿದ್ದೇನೋ ನಿಜ. ಬೀರುವಿನ ಕಾಟವೂ ತಪ್ಪಿತಲ್ಲ ಎಂದು ಸಮಾಧಾನದಿಂದ ಹಾಲು ಹೀರಿದ.

ಭಾವಮೈದ ಕೋಳಿಕಾಲು ಕಚ್ಚುತ್ತಾ ಅಕ್ಕರೆಯಿಂದ ಹೇಳಿದ: "ಬೀರು ಕೆಳಗೇ ಇದೆ, ಭಾವ. ನೀವಿಲ್ದೆ ಹೇಗೆ ಎತ್ತೋದು? ಮುಂದಿನ ಭಾನುವಾರ ಎತ್ತೋಣ. ಮಂಡಿ ಗಟ್ಟಿಯಾಗಿದೆ ಅಂತ ಡಾಕ್ಟ್ರೇ ಹೇಳಿದಾರಲ್ಲ!"