ಸಂಗೀತ ಪಾಠಕ್ಕೆ ನನ್ನ ಗೊರಕೆ

ಗೊರಕೆ ಹೊಡೆಯುವವನಿಗೆ ಒಂದು ದೊಡ್ಡ ಅನುಕೂಲವಿದೆ: ಅದನ್ನು ಅವನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಕೇಳಬೇಕು. ನಾನಂತೂ ಬಹಳ ಕಾಲ ಇದು ನನ್ನ ಹೆಂಡತಿ ಗಿರಿಜಾ ಕಟ್ಟಿದ ಕಥೆ ಎಂದೇ ನಂಬಿದ್ದೆ. ನನ್ನದು ಭದ್ರಾವತಿಯಲ್ಲಿ ಕಾರ್ಖಾನೆ ಕೆಲಸ. ನೈಟ್ ಶಿಫ್ಟ್ ಬಂದ ವಾರ ಸಂಜೆಯವರೆಗೂ ನಿದ್ದೆ. ಅದೇ ಹೊತ್ತಿಗೆ ಕ್ವಾರ್ಟರ್ಸಿನ ಮುಂದಿನ ಕೋಣೆಯಲ್ಲಿ, ಶಾಲೆ ಬಿಟ್ಟು ಬಂದ ಮಕ್ಕಳಿಗೆ ಗಿರಿಜಾಳ ಸಂಗೀತ ಪಾಠ.

ಒಂದು ದಿನ ಹುಡುಗಿಯೊಬ್ಬಳ ತಾಯಿ ಬಂದು, "ಟೀಚರ್, ಬೇಜಾರ್ ಮಾಡ್ಕೋಬೇಡಿ. ನಮ್ ಹುಡುಗಿ ಮನೇಲಿ ಶ್ರುತಿ ಪೆಟ್ಟಿಗೆ ಹಾಕಿದ್ರೆ ಬಾಯೇ ಬಿಡಲ್ಲ. ಇಲ್ಲಿ ಕೇಳಿ ಕೇಳಿ ಅಭ್ಯಾಸ ಆಗಿ, ಅವಳಪ್ಪ ಮಲಗಿ ಗೊರಕೆ ಹೊಡೀಲಿ ಅಂತ ಕಾಯ್ತಾಳೆ!" ಎಂದರು. ಗಿರಿಜಾ ನಕ್ಕಳು. ಆಕೆ ಹೋದ ಮೇಲೆ ತಂಬೂರಿಗೆ ಗವಸು ಹಾಕುತ್ತಾ, "ಪಾಠ ನಿಲ್ಲಿಸ್ಬಿಡ್ತೀನಿ ಕಣ್ರೀ. ನಿಮ್ಗೂ ನಿದ್ದೆ ಬೇಕಲ್ಲ" ಎಂದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅಷ್ಟು ಮೆತ್ತಗೆ ಹೇಳಿದ್ದು ಎದೆಗೆ ನಾಟಿತು.

ಪಾಠ ನಿಲ್ಲಿಸಬೇಡ ಎಂದು ಹೇಳಿ ಶಿವಮೊಗ್ಗದ ಬಸ್ಸು ಹತ್ತಿದೆ. ಗಂಟಲಿನ ಡಾಕ್ಟರು ಪರೀಕ್ಷಿಸಿ, "ಗಾಬರಿ ಪಡೋಂಥದ್ದೇನಿಲ್ಲ, ಹಲ್ಲಿನ ಡಾಕ್ಟರ್ ಹತ್ರ ಹೋಗಿ" ಎಂದರು. ನಲ್ಲಿ ಸೋರಿದರೆ ಎಲೆಕ್ಟ್ರಿಷಿಯನ್ನನ್ನು ಕರೆಸಿದ ಹಾಗಾಯಿತಲ್ಲ ಎಂದುಕೊಂಡೇ ಹೋದೆ. ಹಲ್ಲಿನ ಡಾಕ್ಟರಮ್ಮ ಬಾಯಿ ತುಂಬ ಮೆತ್ತನೆಯ ಹಿಟ್ಟಿನಂಥದ್ದನ್ನು ಒತ್ತಿ ಅಚ್ಚು ತೆಗೆದುಕೊಂಡು, ಆಮೇಲೊಂದು ದಿನ ಹಲ್ಲಿಗೆ ಕೂರುವ ಪ್ಲಾಸ್ಟಿಕ್ ಸಾಧನ ಕೊಟ್ಟರು. "ಮಲಗುವಾಗ ಹಾಕ್ಕೊಳ್ಳಿ. ಕೆಳದವಡೆನ ಸ್ವಲ್ಪ ಮುಂದಕ್ಕೆ ಹಿಡಿದಿಡುತ್ತೆ, ಗಂಟಲಲ್ಲಿ ಗಾಳಿಗೆ ಜಾಗ ಆಗುತ್ತೆ." ಹಾಕಿಕೊಂಡು ಕನ್ನಡಿ ನೋಡಿದೆ, ಯಾರ ಮೇಲೋ ಜಗಳಕ್ಕೆ ಹೊರಟವನ ಮುಖ. ಮೊದಮೊದಲು ಜೊಲ್ಲು, ದವಡೆ ನೋವು. ಆಮೇಲೆ ಒಗ್ಗಿಹೋಯಿತು.

ಮತ್ತೆ ನೈಟ್ ಶಿಫ್ಟ್ ಬಂತು. ಒಂದು ಸಂಜೆ ಅರೆ ಎಚ್ಚರದಲ್ಲಿ ಹಾಡು ಕೇಳಿಸಿತು. ಮಕ್ಕಳು ಸುಮ್ಮನಿದ್ದರು, ಗಿರಿಜಾ ಒಬ್ಬಳೇ ಹಾಡುತ್ತಿದ್ದಳು. ಅವಳ ಕಂಠವನ್ನು ಓಲ್ಡ್ ಟೌನಿನವರೆಗೂ ಜನ ಹೊಗಳುತ್ತಿದ್ದರು, ನಾನು ಬಲ್ಲವನಂತೆ ತಲೆಯಾಡಿಸುತ್ತಿದ್ದೆ. ಬೇರೆ ಶಿಫ್ಟುಗಳಲ್ಲಿ ಸಂಜೆ ಕೆಲಸ, ಇಲ್ಲವೇ ಗೆಳೆಯರ ಜೊತೆ ಹರಟೆ. ನಿಜವಾಗಿ ಕೇಳಿದ್ದು ಅಂದೇ. ಕಣ್ಣು ತುಂಬಿ ಬಂತು. ಮಲಗಿದಲ್ಲಿಂದಲೇ ಆ ಡಾಕ್ಟರಮ್ಮನಿಗೆ ಕೈ ಮುಗಿದೆ.

ತಡೆಯಲಾರದೆ ಎದ್ದು ಬಾಗಿಲಿಗೆ ಬಂದು, "ಎಷ್ಟು ಚೆನ್ನಾಗಿ ಹಾಡ್ತೀಯೆ ಮಾರಾಯ್ತಿ!" ಎಂದೆ. ಎಂದೆ ಎಂದುಕೊಂಡೆ, ಅಷ್ಟೆ. ಸಾಧನ ಬಾಯಲ್ಲೇ ಇತ್ತು. ಹೊರಬಿದ್ದದ್ದು ಒಂದು ಗೊಗ್ಗರು ಸದ್ದು, ಜೊತೆಗೆ ಒಂದಿಷ್ಟು ಜೊಲ್ಲು. ಮಕ್ಕಳು ಬಿದ್ದು ಬಿದ್ದು ನಕ್ಕರು. ಗಿರಿಜಾ ತಾಳ ಬಿಡದೆ, "ರೀ, ಮಲಗಿದ್ರೇನೇ ವಾಸಿ ನೀವು" ಎಂದಳು.

ಎಚ್ಚರವಿದ್ದಾಗಿನ ನನ್ನ ಸದ್ದಿಗೂ ಶಿವಮೊಗ್ಗದಲ್ಲಿ ಯಾರಾದರೂ ಡಾಕ್ಟರಿದ್ದಾರೋ, ವಿಚಾರಿಸಬೇಕು.