ಇಪ್ಪತ್ಮೂರನೇ ಕ್ಯಾನಪಿ

"ನಾನು ಮಾಡಿಕೊಡ್ತೇನೆ ರಾಜೇಂದ್ರನ್ ಸಾರ್. ನೋಡಿದವ್ರು ಕೈ ಮುಗೀಬೇಕು, ಅಂಥದ್ದು ಮಾಡಿಕೊಡ್ತೇನೆ."

ಸೂಲೂರಿನ ರಾಜೇಂದ್ರನ್ ಮನೆಯ ಜಗುಲಿಯಲ್ಲಿ ಎರಡನೇ ಲೋಟ ಕಾಫಿ ಮುಗಿಸಿ ವ್ಯಾಸರಾಯ ಹೀಗೆ ಭೀಷ್ಮಪ್ರತಿಜ್ಞೆ ಮಾಡಿದ. ಭೀಷ್ಮನಿಗೆ ಪರವಾಗಿಲ್ಲ, ರಾಜ್ಯ ಬಿಟ್ಟು ಮದುವೆ ಬಿಟ್ಟರೆ ಮುಗಿಯಿತು. ವ್ಯಾಸರಾಯ ಕ್ಯಾನಪಿ ಮಾಡಬೇಕಿತ್ತು.

ಕ್ಯಾನಪಿ ಎಂದರೆ ಯುದ್ಧವಿಮಾನದಲ್ಲಿ ಪೈಲಟ್‌ನ ತಲೆಯ ಮೇಲೆ ಕೂರುವ ಗಾಜಿನಂಥ ಉಬ್ಬು ಮುಚ್ಚಳ. ರಾಜೇಂದ್ರನ್ ಅವರು ಪಲ್ಲಡದ, ತಮಿಳು ಬೆರೆಸಿ ಮಾತಾಡುವ ಕನ್ನಡ ನೇಕಾರರ ಮನೆಯವರು. ಮಗ್ಗ ಬಿಟ್ಟು ವಾಯುಪಡೆ ಸೇರಿ, ನ್ಯಾಟ್ ಎಂಬ ಪುಟ್ಟ ಯುದ್ಧವಿಮಾನಗಳನ್ನು ರಿಪೇರಿ ಮಾಡುತ್ತಲೇ ಪ್ರಾಯ ಕಳೆದವರು. ಆ ಕಾಲದಲ್ಲಿ ಆಸೆಪಟ್ಟು ತಂದ ನ್ಯಾಟ್‌ನ ಪ್ಲಾಸ್ಟಿಕ್ ಮಾಡೆಲ್ ಕಿಟ್ ಒಂದು ನಲವತ್ತೈದು ವರ್ಷ ಅಟ್ಟದ ಮೇಲೆ ಕೂತಿತ್ತು. ಈಗ ಬಿಚ್ಚಿ ನೋಡಿದರೆ ರೆಕ್ಕೆ ಇದೆ, ಬಾಲ ಇದೆ, ಚಕ್ರ ಇದೆ. ಕ್ಯಾನಪಿ ಮಾತ್ರ ಹಳದಿಗಟ್ಟಿ ಮೂರು ಚೂರಾಗಿದೆ. ಕಿಟ್ ಮಾಡಿದ ಕಂಪನಿ ಅದನ್ನು ಯಾವತ್ತೋ ನಿಲ್ಲಿಸಿದೆ. ಬರುವ ಭಾನುವಾರ ಜೊತೆಯಲ್ಲಿ ಕೆಲಸ ಮಾಡಿದ ಗೆಳೆಯರೆಲ್ಲ ಸೂಲೂರಿಗೆ ಬರುವವರಿದ್ದರು. ಅಷ್ಟರೊಳಗೆ ವಿಮಾನ ಮೇಜಿನ ಮೇಲೆ ನಿಲ್ಲಬೇಕು.

ವ್ಯಾಸರಾಯನ ಹುಚ್ಚೇ ಇದು. ಕೊಯಮತ್ತೂರಿನ ಪಂಪ್ ಕಂಪನಿಯಲ್ಲಿ ಮೂವತ್ತೊಂದು ವರ್ಷ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವನು. ಕೂದಲೆಳೆಯಷ್ಟು ವ್ಯತ್ಯಾಸ ಇದ್ದರೂ ಪಂಪನ್ನು ವಾಪಸ್ ಕಳಿಸಿ ಕಾರ್ಮಿಕರ ಶಾಪ ತಿಂದವನು. ನಿವೃತ್ತಿಯಾದ ಮೇಲೆ ವಾಪಸ್ ಕಳಿಸಲು ಪಂಪಿಲ್ಲದೆ, ಹಳೆಯ ವಿಮಾನದ ಕಿಟ್‌ಗಳಿಗೆ ಕಳೆದುಹೋದ ಭಾಗಗಳನ್ನು ಕೈಯಲ್ಲೇ ಮಾಡಲು ಹೊರಟಿದ್ದ.

ಕಿಟ್ಟನ್ನು ಮನೆಗೆ ತಂದು, ಪ್ರತಿಜ್ಞೆಯ ಸುದ್ದಿ ಹೇಳಿ, ವಿಧಾನ ಬಹಳ ಸುಲಭ ಎಂದು ಅವನು ಹೆಂಡತಿ ಪದ್ಮಾಕ್ಷಿಗೆ ವಿವರಿಸಿದ. ಕ್ಯಾನಪಿಯ ಆಕಾರದ ಅಚ್ಚು ಒಂದು ಬೇಕು. ಅದನ್ನು ನೀರಿನ ಬಾಟಲಿಯೊಳಗೆ ಇಟ್ಟು ಒಲೆಯ ಉರಿಗೆ ಹಿಡಿಯಬೇಕು. ಬಿಸಿಗೆ ಬಾಟಲಿ ಕುಗ್ಗಿ ಅಚ್ಚನ್ನು ಅಪ್ಪಿಕೊಳ್ಳುತ್ತದೆ. ಆರಿದ ಮೇಲೆ ಬೇಕಾದಷ್ಟು ಕತ್ತರಿಸಿದರೆ ಕ್ಯಾನಪಿ ಸಿದ್ಧ.

"ಅಷ್ಟೇ ತಾನೆ?" ಎಂದಳು ಪದ್ಮಾಕ್ಷಿ.

ಅಷ್ಟೇ ಆಗಿದ್ದರೆ ನಾನು ಈ ಕಥೆ ಹೇಳುವ ಅಗತ್ಯವೇ ಇರಲಿಲ್ಲ. ಮರದ ಅಚ್ಚು ಮಾಡಿದ, ಮರದ ಗೆರೆಗಳೆಲ್ಲ ಪ್ಲಾಸ್ಟಿಕ್ ಮೇಲೆ ಮೂಡಿದವು. ಮೇಣದ ಅಚ್ಚು ಮಾಡಿದ, ಮೇಣ ಕರಗಿ ಒಲೆಗೆ ಸುರಿಯಿತು. ಮೈಸೋಪು ಕೆತ್ತಿದ, ಮನೆಯೆಲ್ಲ ಮದುವೆ ಛತ್ರದ ಬಚ್ಚಲಿನ ವಾಸನೆ. ಕೊನೆಗೆ ಬಾಳೆಕಾಯಿ ಕೆತ್ತಿದ.

"ರೀ, ಏನು ವಾಸನೆ? ಬಜ್ಜಿ ಹಾಕಿದ್ರಾ?"

"ಕ್ಯಾನಪಿ."

"ಚೆನ್ನಾಗಿ ಬೆಂದಿದೆ. ಉಪ್ಪು ಹಾಕಿ ತಿನ್ರಿ."

ಗುರುವಾರದ ಹೊತ್ತಿಗೆ ಇಪ್ಪತ್ತೆರಡು ಕ್ಯಾನಪಿಗಳು ಕಸದ ಬುಟ್ಟಿ ಸೇರಿದ್ದವು. ಮೂವತ್ತೊಂದು ವರ್ಷ ಊರಿನವರ ಕೆಲಸವನ್ನು ತಿರಸ್ಕರಿಸಿದವನಿಗೆ ತನ್ನ ಕೆಲಸವನ್ನು ತಾನೇ ಇಪ್ಪತ್ತೆರಡು ಸಲ ತಿರಸ್ಕರಿಸುವುದು ಎಂಥ ಸಂಕಟ ಎಂದು ಆಗ ಗೊತ್ತಾಯಿತು. ಅವನಿಗೆ ಅಳು ಬರುವುದೊಂದು ಬಾಕಿ.

ಶುಕ್ರವಾರ ಏಕಾದಶಿ. ಬೆಳಗಿನ ಪೂಜೆಗೆ ಮಡಿಯುಟ್ಟು ಕೂತಾಗ ವ್ಯಾಸರಾಯನ ಕೈ ತಟ್ಟನೆ ನಿಂತಿತು. ಬಾಯಿ ಮಂತ್ರ ಹೇಳುತ್ತಿತ್ತು, ಕಣ್ಣು ಅಳತೆ ತೆಗೆಯುತ್ತಿತ್ತು. ಅಂಗೈಯಲ್ಲಿ ಸಾಲಿಗ್ರಾಮ ಇತ್ತು. ಗಂಡಕಿ ನದಿಯ ಕಪ್ಪು ಕಲ್ಲು ಅದು. ಆದರೆ ಮಾಧ್ವರ ಮನೆಯಲ್ಲಿ ಅದನ್ನು ಕಲ್ಲು ಎನ್ನುವವರಿಲ್ಲ, ಸಾಕ್ಷಾತ್ ನಾರಾಯಣ. ವ್ಯಾಸರಾಯನ ಅಜ್ಜ ಪೂಜಿಸಿದ್ದು, ಅಪ್ಪ ಪೂಜಿಸಿದ್ದು. ಸಣ್ಣ ನೆಲ್ಲಿಕಾಯಿ ಗಾತ್ರ, ಸ್ವಲ್ಪ ಉದ್ದ, ಕೂದಲೆಳೆಯ ಗೆರೆಯೂ ಇಲ್ಲದ ನುಣುಪು ಬೆನ್ನು. ಬೆಂಕಿಗೆ ಕರಗುವುದಿಲ್ಲ. ಬೇಯುವುದಿಲ್ಲ. ನ್ಯಾಟ್ ವಿಮಾನದ ಕ್ಯಾನಪಿಗೆ ಅರ್ಧ ಮಿಲಿಮೀಟರ್ ಸಹ ಹೆಚ್ಚುಕಮ್ಮಿ ಇಲ್ಲ.

"ಏನೋ ವ್ಯಾಸು, ಮಂತ್ರ ಮರೆತ್ಹೋಯ್ತಾ?" ಎಂದರು ಹಿಂದೆ ಕೂತ ತಾಯಿ ಜಾನಕಿಯಮ್ಮ.

"ಇಲ್ಲಮ್ಮಾ. ಭಕ್ತಿ ಬಂತು."

ಜಾನಕಿಯಮ್ಮನಿಗೆ ಎಂಬತ್ತೆರಡು. ಏಕಾದಶಿಯ ದಿನ ಒಂದು ಹನಿ ನೀರೂ ಕುಡಿಯದವರು. ಮರುದಿನ ದ್ವಾದಶಿಯ ಬೆಳಿಗ್ಗೆ ಮಗ ಸಾಲಿಗ್ರಾಮಕ್ಕೆ ಅಭಿಷೇಕ ಮಾಡಿ ಆ ನೀರನ್ನು ತೀರ್ಥವಾಗಿ ಕೊಟ್ಟ ಮೇಲೆಯೇ ಅವರ ಗಂಟಲು ಒದ್ದೆಯಾಗಬೇಕು. ಅದೂ ಪಂಚಾಂಗ ಹೇಳಿದ ಹೊತ್ತಿನೊಳಗೆ. ಈ ಸಲ ಏಳು ಗಂಟೆ ಐದು ನಿಮಿಷ. ಅರವತ್ತು ವರ್ಷದಲ್ಲಿ ಒಂದು ಏಕಾದಶಿಯೂ ತಪ್ಪಿಲ್ಲ, ಉಪವಾಸ ಮುಗಿಸುವ ಪಾರಣೆ ಒಂದೂ ಹೊತ್ತು ಮೀರಿಲ್ಲ.

ಏಕಾದಶಿಯ ಮನೆಯಲ್ಲಿ ಒಲೆ ಖಾಲಿ. ಮಧ್ಯಾಹ್ನ ಅತ್ತೆ ಸೊಸೆ ಇಬ್ಬರೂ ಮಠಕ್ಕೆ ಪ್ರವಚನ ಕೇಳಲು ಹೋದರು. ಇಂಥ ಅವಕಾಶ ತಿಂಗಳಿಗೆ ಎರಡೇ ಸಲ ಬರುತ್ತದೆ ಎಂದು ವ್ಯಾಸರಾಯ ಲೆಕ್ಕ ಹಾಕಿದ. ಐದು ನಿಮಿಷದ ಕೆಲಸ, ದೇವರು ತನ್ನ ಜಾಗಕ್ಕೆ ಮರಳಿ ಹೋಗುತ್ತಾನೆ, ಯಾರಿಗೂ ತಿಳಿಯುವುದಿಲ್ಲ. ದೇವರಿಗೆ ತಿಳಿಯುತ್ತದೆ ಎಂಬುದು ಆ ಕ್ಷಣ ಹೊಳೆಯಲಿಲ್ಲ.

ಹಾಗೆ, ಮಡಿಯಿಲ್ಲದೆ, ಲುಂಗಿಯಲ್ಲಿ, ವ್ಯಾಸರಾಯ ನಾರಾಯಣನನ್ನು ತಳ ಕತ್ತರಿಸಿದ ಬಾಟಲಿಯೊಳಗೆ ಕೂರಿಸಿ, ಬಾಟಲಿಯ ಕುತ್ತಿಗೆಯನ್ನು ಇಕ್ಕಳದಲ್ಲಿ ಹಿಡಿದು ಸಣ್ಣ ಉರಿಯ ಮೇಲೆ ತಿರುಗಿಸಿದ. ಬಾಟಲಿ ನಡುಗಿತು, ಕುಗ್ಗಿತು, ಸುತ್ತಲೂ ಬಂದು ಸ್ವಾಮಿಯನ್ನು ಅಪ್ಪಿಕೊಂಡಿತು. ಗಾಜಿನಂತೆ ಸ್ವಚ್ಛ. ಒಂದು ಗುಳ್ಳೆ ಇಲ್ಲ. ಮೂವತ್ತೊಂದು ವರ್ಷದಲ್ಲಿ ಇಂಥ ಮಾಲು ಅವನ ಮೇಜಿಗೆ ಬಂದಿರಲಿಲ್ಲ. ಕುತ್ತಿಗೆ ಕತ್ತರಿಸಿ ಎಸೆದು, ಉಳಿದದ್ದರಿಂದ ಸಾಲಿಗ್ರಾಮವನ್ನು ತೆಗೆಯಲು ಎಳೆದ.

ಬರಲಿಲ್ಲ.

ಹಿಂಡಿದ, ತಿರುಚಿದ, ಎಣ್ಣೆ ಬಿಟ್ಟ, ಫ್ರಿಜ್‌ನಲ್ಲಿಟ್ಟ. ಪ್ಲಾಸ್ಟಿಕ್ ಮೇಲೂ ಕೆಳಗೂ ಕಚ್ಚಿ ಕೂತಿತ್ತು. ಬ್ಲೇಡು ಹಾಕೋಣವೆಂದರೆ ಈ ಮನೆಯಲ್ಲಿ ಸಾಲಿಗ್ರಾಮಕ್ಕೆ ಕಬ್ಬಿಣ ತಾಗುವಂತಿಲ್ಲ. ತಾಗಿ ಒಂದು ಗೀಚು ಬಿದ್ದರೆ ಅಜ್ಜನಿಗೂ ಅಪ್ಪನಿಗೂ ಉತ್ತರ ಹೇಳುವವರು ಯಾರು? ಅಷ್ಟರಲ್ಲಿ ಗೇಟು ಸದ್ದಾಯಿತು. ವ್ಯಾಸರಾಯ ದೇವರನ್ನು ಅವನ ಪೆಟ್ಟಿಗೆಯಾದ ಸಂಪುಟದಲ್ಲಿಟ್ಟು ತುಳಸಿ ಮುಚ್ಚಿದ. ಮುಂದಿನ ಮೂರು ಗಂಟೆ ಜಾನಕಿಯಮ್ಮ ಆ ಸಂಪುಟದ ಮುಂದೆಯೇ ಕೂತು ಸಹಸ್ರನಾಮ ಹೇಳಿದರು. ಒಂದೊಂದು ನಾಮವೂ ಅವನ ಎದೆಗೆ ಬಂದು ಗುದ್ದುತ್ತಿತ್ತು.

ದ್ವಾದಶಿ. ಬೆಳಿಗ್ಗೆ ಆರು ಗಂಟೆ. ವ್ಯಾಸರಾಯ ಒದ್ದೆ ಮಡಿಪಂಚೆಯಲ್ಲಿ ನಡುಗುತ್ತಾ ಶಂಖದಿಂದ ಅಭಿಷೇಕ ಮಾಡಿದ. ಕೊಡೆಯ ಮೇಲೆ ಬಿದ್ದ ಮಳೆಯಂತೆ ನೀರು ಜಾರಿ ತಟ್ಟೆಗೆ ಇಳಿಯಿತು. ಒಳಗೆ ನಾರಾಯಣ ಬೆಚ್ಚಗೆ, ಒಣಗಿ ಕೂತಿದ್ದ.

"ಇವತ್ತೇನೋ ಸ್ವಾಮಿ ಪಳಪಳ ಅಂತ ಹೊಳೀತಾ ಇದಾನೆ" ಎಂದರು ಜಾನಕಿಯಮ್ಮ. ಗಂಟಲು ಒಣಗಿ ದನಿ ಅರ್ಧವಾಗಿತ್ತು. "ಸೀಕ್ರಂ, ಬೇಗ ತೀರ್ಥ ಕೊಡೋ ವ್ಯಾಸು. ನಾಲಿಗೆ ಅಂಟ್ಕೊಂಡಿದೆ."

ತಟ್ಟೆಯಲ್ಲಿ ನೀರಿತ್ತು. ತುಳಸಿ ಇತ್ತು. ಒಂದು ಉದ್ಧರಣೆ ಎತ್ತಿ ಆ ಕೈಗೆ ಹಾಕಿಬಿಟ್ಟರೆ ಮುಗಿಯಿತು. ತೀರ್ಥವೋ, ಬಾಟಲಿ ತೊಳೆದ ನೀರೋ, ಯಾರು ಕೇಳುತ್ತಾರೆ? ಜಾನಕಿಯಮ್ಮ ಆಗಲೇ ಬಲಗೈ ಮಡಚಿ ಚಾಚಿದ್ದರು. ಅರವತ್ತು ವರ್ಷ ಈ ಕೈ ಹೀಗೇ ನಂಬಿ ಚಾಚಿದೆ. ವ್ಯಾಸರಾಯ ಉದ್ಧರಣೆ ಎತ್ತಿದ, ಮತ್ತೆ ಕೆಳಗಿಟ್ಟ. ಆಗಲಿಲ್ಲ ಅವನಿಗೆ. ಎಷ್ಟು ಕೆಟ್ಟವನಾದರೂ ಅಷ್ಟು ಕೆಟ್ಟವನಲ್ಲ.

"ಅಮ್ಮಾ, ನೀರು ದೇವ್ರಿಗೆ ತಾಗ್ಲಿಲ್ಲ."

"ಏನು?"

"ಮಧ್ಯದಲ್ಲಿ ಒಂದು ಬಾಟಲ್ ಇದೆ."

ಜಾನಕಿಯಮ್ಮ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಪದ್ಮಾಕ್ಷಿಯೂ ಬಗ್ಗಿದಳು.

"ಎಷ್ಟು ದಿನದಿಂದ ಹೀಗೆ?" ಎಂದರು ಜಾನಕಿಯಮ್ಮ.

"ನಿನ್ನೆಯಿಂದ ಮಾತ್ರ."

"ಮಾತ್ರ" ಎಂದಳು ಪದ್ಮಾಕ್ಷಿ. "ಬಾಳೆಕಾಯಿ ಆಯ್ತು, ಸೋಪಾಯ್ತು. ಕೊನೇಗೆ ದೇವ್ರೇ ಸಿಕ್ಕಿದ್ನಾ ನಿಮ್ಗೆ?"

ವ್ಯಾಸರಾಯನಿಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಭೂಮಿ ಬಿಡಲಿಲ್ಲ, ಪದ್ಮಾಕ್ಷಿ ಬಿಟ್ಟಳು. ಐದು ನಿಮಿಷ ನಿಲ್ಲಿಸಲಿಲ್ಲ. ಆರೂಕಾಲಾಯಿತು.

"ಜಗಳ ಊಟ ಆದ್ಮೇಲೆ" ಎಂದರು ಜಾನಕಿಯಮ್ಮ. "ಇನ್ನು ಐವತ್ತು ನಿಮಿಷ ಇದೆ. ಕಬ್ಬಿಣ ತಾಗಿಸ್ಕೂಡ್ದು. ಬೇರೆ ದಾರಿ ಯಾರಿಗೆ ಗೊತ್ತು, ಕೇಳು."

ಗೊತ್ತಿರಬಹುದಾದವರು ರಾಜೇಂದ್ರನ್ ಒಬ್ಬರೇ. ಮಡಿಯಲ್ಲಿದ್ದವನು ಫೋನು ಮುಟ್ಟುವಂತಿಲ್ಲವಾದ್ದರಿಂದ ಪದ್ಮಾಕ್ಷಿ ಮೂರಡಿ ದೂರದಿಂದ ಸ್ಪೀಕರ್ ಹಾಕಿ ಹಿಡಿದಳು. ವ್ಯಾಸರಾಯ ಎಲ್ಲವನ್ನೂ ಒಪ್ಪಿಸಿದ.

"ಸಾಮಿ" ಎಂದರು ರಾಜೇಂದ್ರನ್, "ಕ್ಯಾನಪಿ ಚೆನ್ನಾಗಿ ಬಂದಿದ್ಯಾ?"

"ಪ್ರಮಾದವಾಗಿ ಬಂದಿದೆ ಸಾರ್, ಒಂದು ಗುಳ್ಳೆ ಇಲ್ಲ."

"ಹಂಗಾದ್ರೆ ಕತ್ತರಿ ಬ್ಯಾಡ. ತರಿ ಓಡಿಸಿ ಬಟ್ಟೆ ನೇಯೋ ಮನೇಲಿ ಬೆಳ್ದವ್ನು ನಾನು, ಕೇಳಿ. ಗಟ್ಟಿ ನೈಲಾನ್ ನೂಲು ಎಡ್ತ್ಕೊಳ್ಳಿ. ನಡುವಿಗೆ ಒಂದು ಸುತ್ತು ಹಾಕಿ, ಎರಡು ಕಡೆಯಿಂದ ವೇಗಮಾ ಎಳೀರಿ. ಉಜ್ಜಿ ಉಜ್ಜಿ ನೂಲು ಸೂಡಾಗಿ, ಆ ಬಿಸಿಗೆ ಪ್ಲಾಸ್ಟಿಕ್ಕನ್ನ ತಾನೇ ಕೊಯ್ಯತ್ತೆ. ಕಲ್ಲಿಗೆ ಒಂದೂ ಆಗಲ್ಲ. ಮೇಲಿನ ಅರ್ಧ ಮಾತ್ರ ಜೋಪಾನ ಸಾಮಿ, ಭಾನುವಾರ ಎಲ್ಲಾರೂ ಬರ್ತಾರೆ."

ನೈಲಾನ್ ಮಡಿಗೆ ಆಗುತ್ತದೆಯೇ ಎಂದು ಪದ್ಮಾಕ್ಷಿ ಕೇಳಿದಳು. "ಬಾಟಲ್ ಆಗಿದೆಯಲ್ಲ, ನೂಲೂ ಆಗತ್ತೆ" ಎಂದರು ಜಾನಕಿಯಮ್ಮ.

ಹೆಂಗಸರು ಸಾಲಿಗ್ರಾಮ ಮುಟ್ಟುವ ಪದ್ಧತಿ ಆ ಮನೆಯಲ್ಲಿಲ್ಲ. ಆದ್ದರಿಂದ ವ್ಯಾಸರಾಯ ಎರಡೂ ಕೈಯಲ್ಲಿ ದೇವರನ್ನು ಅದುಮಿ ಹಿಡಿದ. ನೂಲಿನ ಒಂದು ತುದಿ ಸೊಸೆಯ ಕೈಗೆ. ಇನ್ನೊಂದು ತುದಿ, ಮೂವತ್ತಾರು ಗಂಟೆಯಿಂದ ನೀರು ಕಾಣದ ಅತ್ತೆಯ ಕೈಗೆ. ಸಮುದ್ರಮಥನ ಶುರುವಾಯಿತು. ಕೊಯಮತ್ತೂರಿನ ಅಡುಗೆಮನೆಯ ಪಕ್ಕದಲ್ಲಿ ಎಂಬತ್ತೆರಡು ವರ್ಷದ ಮುದುಕಿ ಸರ್‌ಸರ್ ಎಂದು ನೂಲು ಎಳೆದಳು. ಹಾಲಾಹಲದ ಬದಲು ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು. ನೂಲು ಎರಡು ಸಲ ತುಂಡಾಯಿತು. ವ್ಯಾಸರಾಯ ತಾಯಿಯ ಮುಖ ನೋಡಲಾರದೆ ನೆಲ ನೋಡುತ್ತಿದ್ದ. ಆರು ಐವತ್ತೊಂದಕ್ಕೆ ಟಪ್ ಎಂದಿತು.

ಸ್ವಾಮಿ ಹೊರಗೆ ಬಂದ. ಒಂದು ಗೀಚಿಲ್ಲ. ವ್ಯಾಸರಾಯ ಮತ್ತೆ ಮಿಂದು, ಮತ್ತೆ ಅಭಿಷೇಕ ಮಾಡಿ, ಏಳು ಗಂಟೆ ಮೂರು ನಿಮಿಷಕ್ಕೆ ತಾಯಿಯ ಕೈಗೆ ತೀರ್ಥ ಹಾಕಿದ. ಅವರು ಕುಡಿದು ಕಣ್ಣು ಮುಚ್ಚಿದರು. ಅವನು ಮೂಗು ಒರೆಸಿಕೊಂಡ.

ಕ್ಯಾನಪಿಯ ಮೇಲಿನ ಅರ್ಧವೂ ಉಳಿದಿತ್ತು. ಪಾರಣೆಯ ಊಟ ಮುಗಿಸಿ ಅಂಗಿ ತೊಟ್ಟ ವ್ಯಾಸರಾಯ ಅದನ್ನು ಬೆಳಕಿಗೆ ಹಿಡಿದು ನೋಡಿದ. ಇದ್ದೂ ಇಲ್ಲದ ಹಾಗೆ ಸ್ವಚ್ಛ. ಮೆಲ್ಲಗೆ ಅಂಗಿಯ ಜೇಬಿನ ಕಡೆ ಕೈ ಹೋಯಿತು.

"ಎಲ್ಲಿಗೆ ಅದು?" ಎಂದರು ಜಾನಕಿಯಮ್ಮ. ಹೊಟ್ಟೆಗೆ ಬಿದ್ದ ಮೇಲೆ ದನಿ ಪೂರ್ತಿ ಮರಳಿತ್ತು.

"ವಿಮಾನಕ್ಕಮ್ಮಾ."

"ವಿಮಾನದಲ್ಲಿ ಇದ್ರೊಳಗೆ ಯಾರು ಕೂರ್ತಾರೆ?"

"ಪೈಲಟ್."

"ನಾರಾಯಣ ಕೂತಿದ್ದ ಜಾಗದಲ್ಲಿ ಪೈಲಟ್ ಕೂರ್ತಾನಾ?"

ವ್ಯಾಸರಾಯ ಜೇಬಿನ ಕಡೆ ಹೋದ ಕೈಯನ್ನು ಹಿಂದಕ್ಕೆ ತಂದ.

"ಸ್ವಾಮಿಗೆ ಒಂದು ಕವಚ ಮಾಡಿಸ್ಬೇಕು ಅಂತ ನಿಮ್ಮಪ್ಪ ಕಡೇತನಕ ಹೇಳ್ತಾನೇ ಇದ್ರು. ನೀನು ಹೇಗೋ ಮಾಡ್ದೆ. ಒಂದು ರಾತ್ರಿ ಸ್ವಾಮಿಯ ಮೈಮೇಲೆ ಇದ್ದದ್ದು, ಇನ್ನು ಬೇರೆಲ್ಲಿಗೂ ಹೋಗ್ಕೂಡ್ದು. ಇಡು ಇಲ್ಲಿ."

ಇಟ್ಟ. ಇಡದೆ ಏನು ಮಾಡುತ್ತಾನೆ?

ಶನಿವಾರ ಉಳಿದ ಹೊತ್ತಿನಲ್ಲಿ ಇನ್ನೊಂದು ಅಚ್ಚು ಹುಡುಕಲು ಅವನಿಗೆ ಧೈರ್ಯವೂ ಇರಲಿಲ್ಲ, ಬಾಟಲಿಯೂ ಇರಲಿಲ್ಲ. ಸೂಲೂರಿಗೆ ಹೋಗಿ ತಲೆ ತಗ್ಗಿಸಿ ಬೋಳು ವಿಮಾನವನ್ನು ಕೊಟ್ಟು ಬಂದ. ಭಾನುವಾರ ಸಂಜೆ ರಾಜೇಂದ್ರನ್ ಫೋನ್ ಮಾಡಿದರು. ಶಾಪ ಹಾಕುತ್ತಾರೆ ಎಂದು ಕಾದವನಿಗೆ ಅದಕ್ಕಿಂತ ಕೆಟ್ಟದ್ದು ಕಿವಿಗೆ ಬಿತ್ತು.

"ಕ್ಯಾನಪಿ ಇಲ್ಲ ಅಂತ ಒಬ್ಬನಿಗೂ ತೆರಿಯಲೇ ಇಲ್ಲ ಸಾಮಿ, ಒಬ್ಬನೂ ಕೇಳ್ಲಿಲ್ಲ. ನಾವೆಲ್ಲಾ ಮೆಕ್ಯಾನಿಕ್ಕುಗಳು ತಾನೆ? ಅದನ್ನ ಬಿಚ್ಚಿಟ್ಟೇ ವಿಮಾನ ನೋಡಿದವ್ರು. ಅಸಲು ಶೆಡ್‌ನಲ್ಲಿ ನಿಂತ ಹಂಗೇ ಇದೆ ಅಂದ್ರು."

ಇಪ್ಪತ್ಮೂರನೆಯ ಕ್ಯಾನಪಿ ಈಗ ದಿನವೂ ಅಭಿಷೇಕವಾದ ಮೇಲೆ ಸಾಲಿಗ್ರಾಮದ ಮೇಲೆ ಕೂರುತ್ತದೆ. ಗಂಧ ಹಚ್ಚಿ, ತುಳಸಿ ಏರಿಸಿ, ಮಂಗಳಾರತಿ ಮಾಡುವವನು ವ್ಯಾಸರಾಯನೇ. ಸುದ್ದಿ ಹಬ್ಬಿ ಮಠದ ಕಡೆಯ ಹೆಂಗಸರು ಬರತೊಡಗಿದ್ದಾರೆ. "ಸ್ಫಟಿಕದ ಕವಚವಾ ಮಾಮಿ?" ಎಂದು ಕೇಳುತ್ತಾರೆ. ಜಾನಕಿಯಮ್ಮ ಸುಳ್ಳು ಹೇಳುವವರಲ್ಲ. "ಅದು ಏನೋ ಒಂದು, ನಮ್ಮ ವ್ಯಾಸು ಕೈಯಿಂದಲೇ ಮಾಡಿದ್ದು" ಎನ್ನುತ್ತಾರೆ. ಬಂದವರು ಬಗ್ಗಿ ನೋಡಿ, ಕಣ್ಣು ಮುಚ್ಚಿ, ಕೈ ಮುಗಿಯುತ್ತಾರೆ.

ಮೊನ್ನೆ ಹೀಗೇ ಐದಾರು ಜನ ಕೈ ಮುಗಿದು ನಿಂತಾಗ ಪದ್ಮಾಕ್ಷಿ ಆರತಿ ತಟ್ಟೆ ಕೊಡುವ ನೆಪದಲ್ಲಿ ಅವನ ಕಿವಿಯ ಹತ್ತಿರ ಬಗ್ಗಿದಳು.

"ನೋಡಿದವ್ರೆಲ್ಲ ಕೈ ಮುಗೀತಿದಾರೆ. ನೀವು ಸೂಲೂರಲ್ಲಿ ಹೇಳಿದ ಹಾಗೇ ಆಯ್ತಲ್ರೀ."

ವ್ಯಾಸರಾಯ ಅದು ಕೇಳಿಸದ ಹಾಗೆ ಗಂಟೆಯನ್ನು ಇನ್ನಷ್ಟು ಜೋರಾಗಿ ಬಾರಿಸಿದ.