ಮಾವನ ಕೋಲಾಟದ ಸಾಲಿ

ನಮ್ಮ ಸೋದರಮಾವನಿಗೆ ಕುಣಿಯಲು ಬರುತ್ತಿರಲಿಲ್ಲ. ಆದರೆ ದೇವಾಪುರದ ಶಾಲೆಯ ಮಕ್ಕಳಿಗೆಲ್ಲ ಕುಣಿತ ಕಲಿಸಿದವನು ಅವನೇ! ಧೋತರದ ಚುಂಗು ಸೊಂಟಕ್ಕೆ ಸಿಕ್ಕಿಸಿ ಅವನು ಎಡಗಾಲು ಎತ್ತಿದರೆ ಮಕ್ಕಳು ಬಲಗಾಲು ಎತ್ತುತ್ತಿದ್ದರು. ಮಾಸ್ತರರು ಮಾಡಿದ್ದಕ್ಕೆ ಉಲ್ಟಾ ಮಾಡಿದರೆ ಸರಿಹೋಗುತ್ತದೆಂದು ಆ ಕೂಸುಗಳಿಗೂ ತಿಳಿದುಹೋಗಿತ್ತು.

ನಿಜಾಮನ ಆಳ್ವಿಕೆ ಮುಗಿದು, ಶಾಲೆಗಳಲ್ಲಿ ಉರ್ದು ಹೋಗಿ ಕನ್ನಡ ಬರುತ್ತಿದ್ದ ಕಾಲ. ಮಾವ ಕಲಿತದ್ದೆಲ್ಲ ಉರ್ದುವಿನಲ್ಲಿ. ನಾಳೆ ಕಲಿಸಬೇಕಾದ ಕನ್ನಡ ಪಾಠವನ್ನು ಇಂದು ಸಂಜೆ ತಾನೇ ಕೂತು ಕಲಿಯುತ್ತಿದ್ದ. ಪಾಠ ತಲೆಗೆ ಹತ್ತದಿದ್ದರೆ? ಮರುದಿನ ಕೋಲಾಟ! ಹೀಗೆ ಶುರುವಾದದ್ದು ಅವನಿಗೆ ಹುಚ್ಚಾಗಿಯೇ ಹಿಡಿಯಿತು.

ಕೋಲಿಗೇನು ಮಾಡುವುದು? "ಮನ್ಯಾಗ ಏನ್ ಸಿಗ್ತದ ಅದನ್ನ ತರ್ರಿ" ಎಂದ. ಲಟ್ಟಣಿಗೆ ಬಂತು, ಸೌಟು ಬಂತು, ಕುರಿ ಕಾಯುವ ಬಡಿಗೆಯೂ ಬಂತು. ಹಿಂದೆಯೇ ತಾಯಂದಿರೂ ಬಂದರು. "ಮಾಸ್ತರ್ರೀ, ನಿಮ್ಮ ಕುಣ್ಯಾಟ ಮುಗಿದಿದ್ರ ನಮ್ಮ ಸೌಟು ಕೊಡ್ರಿ. ಬ್ಯಾಳಿ ತಳ ಹಿಡ್ಯಾಕತ್ತದ." ಕೊನೆಗೆ ಮಾವ ತಾನೇ ಬೇವಿನ ಕೋಲು ಕಡಿದು ತಂದ.

ಊರಿನ ಅಂಗಡಿ ಸಾಹುಕಾರರ ತಕರಾರು ಬೇರೆ.

"ನಮ್ಮ ಹುಡುಗ ಕಂಡಕಂಡವರ ಕೈ ಹಿಡಿಯಂಗಿಲ್ರಿ."

"ಕೈ ಯಾರ್ ಹಿಡಿತಾರ್ರಿ ಸಾಹುಕಾರ್ರ? ಕೋಲಿಗೆ ಕೋಲು ಬಡೀತಾವ."

ಸಾಹುಕಾರರು ಮೀಸೆ ತಿರುವಿದರು. "ಯಾವ ಕಟ್ಟಿಗಿ?"

"ಬೇವಿಂದ್ರಿ."

"ಹಂಗಾರ ಆಡ್ಲಿ ಬಿಡ್ರಿ. ಬೇವಿಗೆ ಮೈಲಿಗಿ ಇಲ್ಲ."

ಅವರಿಗೆ ಗೊತ್ತಿಲ್ಲದ್ದು ಒಂದಿತ್ತು. ಮಾವನ ಕೋಲಾಟದಲ್ಲಿ ಜೋಡಿ ಆರಿಸಿಕೊಳ್ಳುವಂತಿಲ್ಲ. ಒಳಗಿನ ಸುತ್ತು ನಿಂತಿರುತ್ತದೆ, ಹೊರಗಿನ ಸುತ್ತು ಸರಿಯುತ್ತ ಹೋಗುತ್ತದೆ. ಸಾಹುಕಾರರ ಮಗ ಕುರುಬರ ಹುಡುಗಿಗೂ ಕೋಲು ಕೊಡಲೇಬೇಕು. ಯಾರಾದರೂ ಬರದಿದ್ದರೆ ಆ ಜಾಗದಲ್ಲಿ ಮಾವನೇ ನಿಂತು, ತಾಳ ತಪ್ಪಿ, ಬೆರಳಿಗೆ ಪೆಟ್ಟು ತಿಂದು ಮನೆಗೆ ಬರುತ್ತಿದ್ದ. ಅತ್ತೆ ಅರಿಶಿನ ಹಚ್ಚುತ್ತ ಬೈಯುತ್ತಿದ್ದಳು.

ಅಷ್ಟರಲ್ಲಿ ಗುರುಮಠಕಲ್ ಕಡೆಯಿಂದ ನಾವು ಬಂದೆವು. ಅಪ್ಪ ತೀರಿಕೊಂಡಿದ್ದ, ಅವ್ವ ನನ್ನನ್ನು ಕರೆದುಕೊಂಡು ಅಣ್ಣನ ಮನೆ ಸೇರಿದ್ದಳು. ನನ್ನ ಬಾಯಿಗೆ ಬರುತ್ತಿದ್ದುದು ತೆಲುಗು. ಮಾತಾಡಿದರೆ ಮಕ್ಕಳು ನಗುತ್ತಿದ್ದರು. ಮಾವ ನನ್ನನ್ನು ಹೊರಸುತ್ತಿನಲ್ಲಿ ನಿಲ್ಲಿಸಿದ. ಕೆಲವು ದಿನ ಆಡಿದೆ. ಒಂದು ಬೆಳಿಗ್ಗೆ ಮಾತ್ರ, ಆ ನಗು ತಾಳದೆ, ಇನ್ನು ಶಾಲೆ ಬೇಡವೆಂದು ಅಳುತ್ತ ಬಾಗಿಲ ಹಿಂದೆ ಕೂತುಬಿಟ್ಟೆ.

"ಹೋಗ್ಲಿ ಬಿಡೋ ಯಣ್ಣಾ, ಮನ್ಯಾಗ ರೊಟ್ಟಿ ಬಡಿಯೋದು ಕಲೀಲಿ" ಎಂದಳು ಅವ್ವ. ನನ್ನ ಓದು ಅಲ್ಲಿಗೇ ಮುಗಿಯುವುದಿತ್ತು. ಮಾವ ಕೋಲಿನ ಕಟ್ಟು ಹೆಗಲಿಗೇರಿಸಿ ಶಾಲೆಗೆ ಹೋದ.

ಸ್ವಲ್ಪ ಹೊತ್ತಿನಲ್ಲಿ ಬಾಗಿಲಲ್ಲಿ ಗದ್ದಲ. ಇಡೀ ಶಾಲೆ ಬಂದು ನಿಂತಿತ್ತು! ಸಾಹುಕಾರರ ಮಗ ಮುಂದೆ ಬಂದ. "ಮಾಸ್ತರ್ ನಿನ್ನ ಜಾಗಾದಾಗ ನಿಂದರವಲ್ರು. ಅದು ಆಕಿ ಜಾಗಾ, ನಾ ನಿಂದರಂಗಿಲ್ಲ ಅಂತಾರ. ನಿನ್ನ ಖಾಲಿ ಜಾಗಾ ಮುಂದ ಬಂದಾಗೆಲ್ಲ ನಮ್ಮ ಕೋಲು ಗಾಳಿಗೆ ಬಡಿಯಾಕತ್ತಾವ. ಬಾರವಾ." ಕುರುಬರ ಹುಡುಗಿ ನನ್ನ ಕೈಗೆ ಕೋಲು ಇಟ್ಟಳು. ಮಾವ ಎಲ್ಲರ ಹಿಂದೆ, ತನಗೇನೂ ಗೊತ್ತಿಲ್ಲದವನಂತೆ ಆಕಾಶ ನೋಡುತ್ತ ನಿಂತಿದ್ದ.

ನಾನು ಹೋದೆ. ಓದಿದೆ. ಮುಂದೆ ಸುರಪುರದಲ್ಲಿ ಮಕ್ಕಳಿಗೆ ಕನ್ನಡ ಕಲಿಸಿ ನಿವೃತ್ತಳಾದೆ. ಎಲ್ಲರ ಜಾಗ ತುಂಬಿದ ಆ ಮನುಷ್ಯ ನನ್ನದೊಂದನ್ನು ಮಾತ್ರ ಖಾಲಿ ಬಿಟ್ಟು ಕಾದ. ನಾನು ಇವತ್ತು ಉಣ್ಣುವ ರೊಟ್ಟಿ ಆ ಖಾಲಿ ಜಾಗ ಕೊಟ್ಟದ್ದು, ಮಾವಾ.